ಜೇಬಿನೊಳಗಿನ ಮೂಗು

ಆ ಕಾರ್ಖಾನೆಯಲ್ಲಿ ಮೂತ್ರಕ್ಕೆ ಹೋಗಲೂ ಟೋಕನ್ ಬೇಕಿತ್ತು. ಟೋಕನ್ ಇರುತ್ತಿದ್ದುದು ಫ್ಲೋರ್ ಇನ್‌ಚಾರ್ಜ್‌ನ ಕೈಯಲ್ಲಿ. ಬಾಯಿಬಿಟ್ಟು ಮಾತಾಡುವುದಕ್ಕಿಂತ ಸೀಟಿ ಊದುವುದೇ ಹೆಚ್ಚಾಗಿದ್ದ ಆ ಮನುಷ್ಯನಿಗೆ ಹೆಂಗಸರು ಇಟ್ಟ ಹೆಸರು ಸೀಟಿ ಸಾರ್.

ಗೀಚಿ ಎಂಬುದೂ ಅವರೇ ಇಟ್ಟ ಹೆಸರು. ಅವಳು ಕಟಿಂಗ್ ಮೇಜಿನಲ್ಲಿ ಗುರುತು ಹಾಕುವವಳು. ಬಟ್ಟೆಯ ಮೇಲೆ ಅಚ್ಚಿಟ್ಟು ಮೇಣದ ಚಾಕ್‌ಪೀಸಿನಿಂದ ಅಂಚು ಎಳೆಯುವುದು ಅವಳ ಕೆಲಸ. ಇಸ್ತ್ರಿಯ ಬಿಸಿ ತಾಗಿದರೆ ಆ ಗೆರೆ ಕರಗಿ ಮಾಯವಾಗುತ್ತದೆ. ಅದೇ ಧೈರ್ಯದಲ್ಲಿ ಅವಳು ಪ್ಯಾಂಟಿನ ಜೇಬಿನ ಒಳಬಟ್ಟೆಯ ಮೇಲೆ ಚಿತ್ರ ಬರೆಯುತ್ತಿದ್ದಳು. ತೂಕಡಿಸುವ ಕಾವಲುಗಾರ, ಕನ್ನಡಿಗೆ ನಮಸ್ಕಾರ ಮಾಡುವ ಮ್ಯಾನೇಜರ್, ಮತ್ತೆ ಮತ್ತೆ ಸೀಟಿ ಸಾರ್. ಮೂಗನ್ನು ಮಾತ್ರ ಹುಬ್ಬಿನಿಂದ ಹಿಡಿದು ಕೈಯೆತ್ತದೆ ಒಂದೇ ಗೆರೆಯಲ್ಲಿ ಎಳೆದು, ಕೊನೆಗೆ ಕೊಕ್ಕೆ ಹಾಕುತ್ತಿದ್ದಳು. ಚಿತ್ರ ಹೊತ್ತ ಬಟ್ಟೆ ಮೆಷಿನ್ನಿನಿಂದ ಮೆಷಿನ್ನಿಗೆ ಸಾಗುತ್ತಿತ್ತು. ಒಬ್ಬೊಬ್ಬರೂ ನೋಡಿ, ನಗೆಯನ್ನು ಕೆಮ್ಮಿನಲ್ಲಿ ಮುಚ್ಚಿ, ಮುಂದಕ್ಕೆ ದಾಟಿಸುತ್ತಿದ್ದರು. ಕೊನೆಗೆ ಅದು ಇಸ್ತ್ರಿ ಅಕ್ಕನ ಕೈಗೆ ಬರುತ್ತಿತ್ತು. ಅವಳು ಜೇಬನ್ನು ಹೊರಗೆಳೆದು, ನೋಡಿ, ಇಸ್ತ್ರಿ ಒತ್ತುತ್ತಿದ್ದಳು. ಸಾಕ್ಷಿ ಆವಿಯಾಗುತ್ತಿತ್ತು.

ಒಂದು ದಿನ ಆಗಲಿಲ್ಲ.

ಖರೀದಿದಾರರ ಕಡೆಯಿಂದ ಮಾಲು ನೋಡಲು ಬಂದಾತ ಒಂದು ಪ್ಯಾಂಟಿನ ಜೇಬು ಹೊರಗೆಳೆದ. ಕಕ್ಕಸಿನ ಬಾಗಿಲಲ್ಲಿ ಸಿಂಹಾಸನ ಹಾಕಿಕೊಂಡು ಕೂತ ಸೀಟಿ ಸಾರ್ ಕಾಣಿಸಿದ. ಮೂಗಿನ ಕೊಕ್ಕೆಯಲ್ಲಿ ಟೋಕನ್‌ಗಳ ಹಾರ ನೇತಾಡುತ್ತಿತ್ತು. ಬಂದಾತ ಬೈದಿದ್ದರೆ ಹೇಗೋ ಮುಗಿಯುತ್ತಿತ್ತು. ಅವನು ನಕ್ಕುಬಿಟ್ಟ.

ಮಧ್ಯಾಹ್ನ ಸೀಟಿ ಕೂಗಿತು. ಮೆಷಿನ್‌ಗಳೆಲ್ಲ ನಿಂತವು.

"ಯಾರ ಕಲೆ ಇದು? ಮುಂದೆ ಬರ್ಲಿ, ಸನ್ಮಾನ ಮಾಡ್ತೀನಿ."

ಯಾರೂ ಬರಲಿಲ್ಲ.

"ಇಸ್ತ್ರಿ ಯಾರದ್ದು?"

"ನಂದು ಸಾರ್," ಎಂದಳು ಇಸ್ತ್ರಿ ಅಕ್ಕ.

"ಜೇಬಿಗೆ ಯಾಕೆ ಹಾಕ್ಲಿಲ್ಲ?"

"ಕೈ ತಪ್ಪಿತು."

"ಬರೆದವಳ ಹೆಸರು ಹೇಳು. ಕೈ ತಪ್ಪಿದ್ದನ್ನ ನಾನು ಮರೀತೀನಿ."

"ಪ್ಯಾಂಟು ಹೇಳ್ಲಿಲ್ಲ ಸಾರ್."

ಯಾರೋ ಕೆಮ್ಮಿದರು. ಗೀಚಿಯ ಮುಷ್ಟಿಯೊಳಗೆ ಚಾಕ್‌ಪೀಸು ಪುಡಿಯಾಗಿ ಅಂಗೈಯೆಲ್ಲ ನೀಲಿಯಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳು ಕೈಯನ್ನು ಬೆನ್ನ ಹಿಂದೆ ಸರಿಸಿದಳು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ಆದರೆ ಆ ಕಾರ್ಖಾನೆ ಸಂಬಳ ಕೊಡುತ್ತಿದ್ದುದೇ ಹೆಜ್ಜೆ ಮುಂದಿಡದವರಿಗೆ. ಸಂಜೆಗೆ ಮುಂಚೆಯೇ ಇಸ್ತ್ರಿ ಅಕ್ಕ ಕೆಲಸ ಕಳೆದುಕೊಂಡು, ತನ್ನ ಊಟದ ಡಬ್ಬಿ ಹಿಡಿದು ಗೇಟು ದಾಟಿದಳು. ಗೀಚಿಯ ಮೇಜಿನ ಮುಂದೆಯೇ ಹಾದುಹೋದರೂ ಅವಳತ್ತ ನೋಡಲಿಲ್ಲ. ನೋಡಿ ಉಗಿದಿದ್ದರೆ ಗೀಚಿಗೆ ಅಂದು ನಿದ್ದೆಯಾದರೂ ಬರುತ್ತಿತ್ತೇನೋ.

ಆಮೇಲೆ ಇಸ್ತ್ರಿ ಅಕ್ಕ ಬಸ್ ನಿಲ್ದಾಣದಿಂದ ಕಾರ್ಖಾನೆಗೆ ಬರುವ ಗಲ್ಲಿಯಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಇಸ್ತ್ರಿ ಮೇಜು ಹಾಕಿಕೊಂಡಿದ್ದಾಳೆಂಬ ಸುದ್ದಿ ಬಂತು. ಗೀಚಿ ಆ ಗಲ್ಲಿಯನ್ನೇ ಬಿಟ್ಟು, ಚರಂಡಿಯ ಪಕ್ಕದ ಸುತ್ತುದಾರಿ ಹಿಡಿದಳು. ಚಿತ್ರವನ್ನೂ ಬಿಟ್ಟಳು. ಚಾಕ್‌ಪೀಸು ಹಿಡಿದರೆ ಅಂಚು ಮಾತ್ರ ಎಳೆಯುತ್ತಿದ್ದಳು, ಅದೂ ಅಚ್ಚಿಗೆ ಅಂಟಿಕೊಂಡು.

ಮೊದಲು ಗಮನಿಸಿದ್ದು ಮನೆಯಲ್ಲಿ ಅತ್ತೆ. ಬುತ್ತಿ ಸುತ್ತಿ ಕೊಟ್ಟ ಕಾಗದ ಯಾವತ್ತೂ ಏನಾದರೊಂದು ಚಿತ್ರ ಹೊತ್ತು ಮನೆಗೆ ಬರುತ್ತಿತ್ತು. ಅತ್ತೆ ಅದನ್ನು ಪಾತ್ರೆಗಳ ಹಿಂದಿನ ಗೋಡೆಗೆ ಅಂಟಿಸುತ್ತಿದ್ದಳು.

"ಏನಮ್ಮಾ, ಕಾಗದ ಹೋದ ಹಾಗೇ ಬರ್ತಿದೆ. ನಿನ್ನ ಕೈಯೇನು ಮುಷ್ಕರ ಹೂಡಿದ್ಯಾ?"

ಗೀಚಿ ಪಾತ್ರೆ ತೊಳೆಯುತ್ತ ಎಲ್ಲವನ್ನೂ ಹೇಳಿದಳು. ಹೇಳುತ್ತ ಅತ್ತಳು. ಅತ್ತೆ ನಲ್ಲಿ ನಿಲ್ಲಿಸಿದಳು.

"ನನ್ನ ಮುಂದೆ ಅತ್ರೆ ಅವಳ ಒಲೆ ಉರಿಯುತ್ತಾ? ಅಳೋದಿದ್ರೆ ಅವಳ ಹತ್ರ ಹೋಗಿ ಅಳು. ನೀರಾದ್ರೂ ಉಳಿಯುತ್ತೆ."

ರಜೆಯ ದಿನ ಬೆಳಿಗ್ಗೆ ಗೀಚಿ ಆ ಗಲ್ಲಿಗೆ ಹೋದಳು. ಇಸ್ತ್ರಿ ಅಕ್ಕ ಯಾರದೋ ಅಂಗಿಯ ಕಾಲರ್ ತೀಡುತ್ತಿದ್ದಳು. ಮೇಜಿನ ಮೇಲೆ ಬೇರೆ ಬಟ್ಟೆ ಇರಲಿಲ್ಲ.

"ಬಂದ್ಯಾ ಗೀಚಮ್ಮಾ? ಸುತ್ತು ಹಾಕಿ ಹಾಕಿ ಚಪ್ಪಲಿ ಸವೆದುಹೋಯ್ತಾ?"

"ಅಕ್ಕಾ, ನನ್ನಿಂದ ನಿಮಗೆ..."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಗೊತ್ತಿರೋ ಕತೆನೇ. ಈಗ ಎತ್ತು ಬಂದು ತಪ್ಪಾಯ್ತು ಅಂದ್ರೆ ಬರೆ ಮಾಯುತ್ತಾ?"

ಗೀಚಿ ತಲೆ ತಗ್ಗಿಸಿದಳು. ಮೇಜಿನತ್ತ ನೋಡುತ್ತಲೇ ಕೇಳಿದಳು, "ಅವತ್ತು ನಿಜವಾಗ್ಲೂ ಕೈ ತಪ್ಪಿತಾ ಅಕ್ಕಾ?"

"ನನ್ನ ಕೈ ತಪ್ಪುತ್ತಾ? ನೀನು ಬರೆದದ್ದನ್ನೆಲ್ಲ ಅಳಿಸಿದ್ದು ಇದೇ ಕೈ. ನೀವೆಲ್ಲ ನಕ್ಕು ಮುಂದೆ ತಳ್ತಿದ್ರಿ. ನಾನು ನಗೋಷ್ಟರಲ್ಲಿ ಸುಟ್ಟು ಹಾಕ್ಬೇಕು. ಅವತ್ತು ಮನಸ್ಸು ಬರ್ಲಿಲ್ಲ. ಹೋಗ್ಲಿ, ಯಾವುದೋ ಊರಲ್ಲಿ ಯಾವನೋ ಚಿಲ್ಲರೆ ಹುಡುಕೋಕೆ ಜೇಬಿಗೆ ಕೈ ಹಾಕಿ ನಮ್ಮ ಗತಿ ನೋಡ್ಲಿ ಅಂತ ಬಿಟ್ಟೆ." ಅಂಗಿ ಮಡಚಿದಳು. "ಈಗ ಏನು ಬರೀತಿದ್ದೀಯಾ?"

"ಬಿಟ್ಟೆ ಅಕ್ಕಾ."

ಇಸ್ತ್ರಿ ಪೆಟ್ಟಿಗೆ ಮೇಜಿಗೆ ಧಡ್ಡನೆ ಬಿತ್ತು.

"ಬಿಟ್ಯಾ? ನನ್ನ ಕೆಲಸ ಹೋಯ್ತು, ಜೊತೆಗೆ ನಿನ್ನ ಕೈಯೂ ಹೋಯ್ತಾ? ಸೀಟಿಗೆ ಒಂದು ಕೊಂಡರೆ ಒಂದು ಉಚಿತ! ನಾನು ಬಾಯಿ ಮುಚ್ಕೊಂಡಿದ್ದು ಇದಕ್ಕಾ?"

ಗೀಚಿ ಈ ಸಿಟ್ಟನ್ನು ಎಣಿಸಿರಲಿಲ್ಲ. ಬೇರೆ ಸಿಟ್ಟಿಗೆ ಸಿದ್ಧಳಾಗಿ ಬಂದಿದ್ದಳು.

"ಊರವರನ್ನೆಲ್ಲ ಬರೆದೆ," ಎಂದಳು ಇಸ್ತ್ರಿ ಅಕ್ಕ, ದನಿ ತಗ್ಗಿಸಿ. "ನನ್ನನ್ನ ಒಂದ್ಸಲನಾದ್ರೂ ಬರೆದ್ಯಾ?"

ಬರೆದಿರಲಿಲ್ಲ. ಗೀಚಿ ನೆನಪಿನ ಜೇಬುಗಳನ್ನೆಲ್ಲ ತಿರುವಿ ಹಾಕಿದಳು. ಟೋಕನ್ನನ್ನೂ ಬರೆದಿದ್ದಳು, ಕಾರ್ಖಾನೆಯ ಬೆಕ್ಕನ್ನೂ ಬರೆದಿದ್ದಳು. ಎಲ್ಲ ಚಿತ್ರಗಳನ್ನೂ ಕೊನೆಗೆ ನೋಡುತ್ತಿದ್ದ ಈ ಮುಖ ಎಲ್ಲೂ ಇರಲಿಲ್ಲ. ಅಂದು ಬೆನ್ನ ಹಿಂದೆ ಕೈ ಅಡಗಿಸಿದ್ದಕ್ಕಿಂತ ಇದು ಹೆಚ್ಚು ಚುಚ್ಚಿತು.

"ಇಲ್ಲೊಂದು ಬೋರ್ಡಿಲ್ಲ. ಇಸ್ತ್ರಿ ಹಾಕ್ತಾರೆ ಅಂತ ಜನಕ್ಕೆ ಗೊತ್ತಾಗಲ್ಲ. ಆ ಗೋಡೆ ಮೇಲೆ ಬರಿ. ಕಟ್ಟಡದ ಮಾಲೀಕರನ್ನ ಕೇಳಿಟ್ಟಿದ್ದೀನಿ."

"ನನ್ನ ಗೆರೆ ಎಲ್ಲರಿಗೂ ಗೊತ್ತು ಅಕ್ಕಾ. ಸೀಟಿ ಸಾರ್ ಗಾಡಿ ಇದೇ ದಾರೀಲಿ ಹೋಗುತ್ತೆ."

"ಗೊತ್ತು."

ಅಷ್ಟೇ. ಒತ್ತಾಯ ಮಾಡಲಿಲ್ಲ, ಬೇಡ ಎನ್ನಲೂ ಇಲ್ಲ.

ಗೀಚಿ ಹೋಗಿ ಕಪ್ಪು ಬಣ್ಣ, ಕುಂಚ ತಂದಳು. ಮೊದಲ ಗೆರೆ ನಡುಗಿತು. ನಡುಕವನ್ನೇ ತಲೆಗೂದಲು ಮಾಡಿದಳು. ಅಗಲ ಮುಖ, ಮಡಚಿದ ತೋಳು, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ. ಮೂಗಿಗೆ ಬಂದಾಗ ಉಸಿರು ಹಿಡಿದು, ಹುಬ್ಬಿನಿಂದ ಕೊಕ್ಕೆಯವರೆಗೆ ಒಂದೇ ಎಳೆತ ಎಳೆದಳು.

"ನನ್ನ ಮೂಗು ಅಷ್ಟು ದಪ್ಪಾನಾ?"

"ಇನ್ನೂ ದಪ್ಪ ಅಕ್ಕಾ. ಗೌರವಕ್ಕೆ ಕಡಿಮೆ ಮಾಡಿದ್ದೀನಿ."

ಇಸ್ತ್ರಿ ಅಕ್ಕ ನಕ್ಕಳು. ಚಿತ್ರದಲ್ಲಿ ಅವಳು ಇಸ್ತ್ರಿ ಒತ್ತುತ್ತಿದ್ದುದು ಒಂದು ಪ್ಯಾಂಟಿಗೆ. ಅದರ ಜೇಬು ಖಾಲಿಯಿತ್ತು. ಇಲ್ಲಿಗೆ ನಿಲ್ಲಿಸಿದರೆ ಅದು ಬರೀ ಬೋರ್ಡು. ಗೀಚಿ ಕುಂಚ ಹಿಡಿದು ನಿಂತೇ ಇದ್ದಳು. ಇಸ್ತ್ರಿ ಅಕ್ಕ ಬೇಕೆಂದೇ ಬೆನ್ನು ತಿರುಗಿಸಿ, ಮಡಚಿದ್ದ ಅಂಗಿಯನ್ನೇ ಮತ್ತೆ ಬಿಚ್ಚಿ ನೀರು ಚಿಮುಕಿಸತೊಡಗಿದಳು. ಆಮೇಲೆ ಜೇಬಿನಿಂದ ಒಂದು ಉದ್ದ ಮೂಗು ಇಣುಕಿತು, ಅದರ ತುದಿಯಲ್ಲಿ ಟೋಕನ್ನೂ.

ಮರುದಿನ ಗಲ್ಲಿಯಿಂದ ಬಂದ ಹೆಂಗಸರೆಲ್ಲ ಕೆಮ್ಮುತ್ತಲೇ ಒಳಗೆ ಬಂದರು. ಸೀಟಿ ಸಾರ್ ತಡವಾಗಿ ಬಂದ. ನೇರ ಕಟಿಂಗ್ ಮೇಜಿಗೆ ಬಂದು, ಒಂದು ಚೂರು ಬಟ್ಟೆ ಹರವಿದ.

"ಎಲ್ಲರೂ ಒಂದೊಂದು ಮೂಗು ಬರೀರಿ. ಪರೀಕ್ಷೆ."

ಪಕ್ಕದವಳು ಆಲೂಗಡ್ಡೆಯಂಥದ್ದೊಂದು ಬರೆದಳು. ಇನ್ನೊಬ್ಬಳು ಎರಡು ಚುಕ್ಕಿ ಇಟ್ಟು, "ನನಗೆ ಇಷ್ಟೇ ಬರೋದು ಸಾರ್," ಎಂದಳು. ಬಟ್ಟೆ ಗೀಚಿಯ ಮುಂದೆ ಬಂತು. ಆಲೂಗಡ್ಡೆ ಬರೆಯಲು ಅವಳಿಗೂ ಬರುತ್ತಿತ್ತು. ಆಲೂಗಡ್ಡೆ ಬರೆದರೆ ಕೆಲಸ ಉಳಿಯುತ್ತದೆ, ಗೋಡೆಯ ಚಿತ್ರಕ್ಕೆ ಮತ್ತೆ ಅಕ್ಕನೊಬ್ಬಳೇ ಉತ್ತರ ಹೇಳಬೇಕಾಗುತ್ತದೆ.

ಅವಳು ಚಾಕ್‌ಪೀಸನ್ನು ಕೆಳಗಿಟ್ಟಳು. ಬಂಡಲ್ ನಂಬರ್ ಬರೆಯುವ, ಯಾವ ಇಸ್ತ್ರಿಗೂ ಅಳಿಯದ ಕಪ್ಪು ಪೆನ್ನು ತೆಗೆದುಕೊಂಡು ಹುಬ್ಬಿನಿಂದ ಎಳೆದಳು. ಕೈಯೆತ್ತಲಿಲ್ಲ. ಕೊಕ್ಕೆ ಹಾಕಿದಳು.

ಸೀಟಿ ಸಾರ್ ಬಗ್ಗಿ ಆ ಬಟ್ಟೆ ನೋಡಿದ. ಸೀಟಿ ಕೊರಳಲ್ಲೇ ನೇತಾಡುತ್ತಿತ್ತು.

"ಹಾಗಾದ್ರೆ ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ?"

ಆ ಮನುಷ್ಯ ಇಷ್ಟು ವರ್ಷದಲ್ಲಿ ಕೇಳಿದ ಒಂದೇ ಸರಿಯಾದ ಪ್ರಶ್ನೆ ಅದು. ಗೀಚಿ ಪೆನ್ನು ಕೆಳಗಿಡಲಿಲ್ಲ.

"ಹೆದರಿಕೆ ಸಾರ್," ಎಂದಳು. ದನಿ ಮೆಷಿನ್‌ಗಳವರೆಗೂ ಕೇಳಿಸಿತು. "ತಪ್ಪು ಮಾಡಿದೆ."

ಹೇಳಿ, ಬಟ್ಟೆಯನ್ನು ತನ್ನತ್ತ ಎಳೆದುಕೊಂಡು, ಮೂಗಿನ ಕೆಳಗೆ ಸೀಟಿ ಬರೆಯತೊಡಗಿದಳು.