ರೇಲಿಂಗಿನ ಮೇಲಿಟ್ಟ ಅಂಗೈ

ಅಲುಗಿತು, ಅವಳ ಭುಜ ಈಗ ಅಲುಗಿತು, ಒತ್ತು — ಒತ್ತಿದೆ, ಒಂದು ಉಸಿರು ತಡೆದು ಒತ್ತಿದೆ, ಕೂಡಲೇ ಒತ್ತಿದರೆ ಸಂಶಯ ಬರುತ್ತದೆ, ನಿಜವಾಗಿ ಕೇಳಿಸಿದವರು ಸ್ವಲ್ಪ ಅನುಮಾನಿಸಿಯೇ ಒತ್ತುತ್ತಾರೆ, ಈ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಗಾಜಿನಾಚೆ ಕಿವಿ ಪರೀಕ್ಷೆ ಮಾಡುವ ಅಂಜುಮ ಮೇಡಂ ನನಗೆ ಅಡ್ಡಲಾಗಿ ಕೂತಿದ್ದಾಳೆ, ಕೈ ಕಾಣದಂತೆ ಕೂತಿದ್ದಾಳೆ, ಜಾಣೆ, ಆದರೆ ಯಂತ್ರದ ಗುಂಡಿ ಒತ್ತಿದಾಗಲೆಲ್ಲ ಭುಜದ ಮೇಲಿನ ಹಸಿರು ದುಪಟ್ಟಾ ಒಂದೆಳೆಯಷ್ಟು ಸರಿಯುತ್ತದೆ, ಅದು ಅವಳಿಗೇ ಗೊತ್ತಿಲ್ಲ. ಬಾಗಿಲು ಹಾಕುವ ಮೊದಲು ನನ್ನ ಮುಖದ ಹತ್ತಿರ ಬಾಯಿ ತಂದು ಹೇಳಿದಳು, ಚಂದ್ರಾಮಪ್ಪನವರ, ಸಪ್ಪಳ ಕೇಳ್ಸಿದ್ರ ಗುಂಡಿ ಒತ್ರಿ, ಸಣ್ಣಗ ಕೇಳ್ಸಿದ್ರೂ ಒತ್ರಿ, ಕೇಳ್ಸಲಿಲ್ಲಂದ್ರ ಸುಮ್ನ ಕೂಡ್ರಿ, ಇದರಾಗ ಪಾಸು ಫೇಲು ಇಲ್ಲರಿ. ಇಲ್ಲವಂತೆ. ಎರಡು ವರ್ಷದ ಹಿಂದೆ ಆಳಂದ ಕಡೆಯ ಒಬ್ಬ ಫಿಟ್ಟರು ಇದ್ದದ್ದನ್ನು ಇದ್ದಂತೆ ಒತ್ತಿದ, ಅವನನ್ನು ಕಬ್ಬು ನುರಿಸುವ ಮಿಲ್ಲಿನಿಂದ ತೆಗೆದು ಸಕ್ಕರೆ ಗೋದಾಮಿನ ಬಾಗಿಲಿಗೆ ಕೂಡಿಸಿದರು, ಈಗ ಅವನಿಗೆ ಹೆಸರೇ ಇಲ್ಲ, ಎಲ್ಲರೂ ಚಪ್ಪಾಳೆ ತಟ್ಟಿ ಕರೆಯುತ್ತಾರೆ, ನಾನೂ ತಟ್ಟಿದ್ದೇನೆ, ನಕ್ಕಿದ್ದೇನೆ ಕೂಡ. ಮೊದಲೆಲ್ಲ ಆಫೀಸಿನ ಕೋಣೆಯಲ್ಲಿ ಎದುರುಬದುರು ಕೂಡಿಸಿ ಪರೀಕ್ಷೆ ಮಾಡುತ್ತಿದ್ದರು, ಪರೀಕ್ಷೆ ಮಾಡುವವರ ಬೆರಳು ಕೆಳಗಿಳಿದದ್ದು ನೋಡಿ ಒತ್ತಿದರೆ ಮುಗಿಯಿತು, ನಾಲ್ಕು ವರ್ಷ ನಾಲ್ಕು ಕಾಗದ, ನಾಲ್ಕರಲ್ಲೂ ನಾರ್ಮಲ್. ಈ ಸಲ ವ್ಯಾನು ತಂದಿದ್ದಾರೆ, ಕಾರ್ಖಾನೆಯ ಬೇವಿನ ಮರದ ಕೆಳಗೆ ನಿಲ್ಲಿಸಿದ್ದಾರೆ, ಒಳಗೆ ಈ ಸಣ್ಣ ಪೆಟ್ಟಿಗೆಯಂಥ ಕೋಣೆ, ಗೋಡೆಗೆಲ್ಲ ಸ್ಪಂಜು.

ಮೇಡಂ ಹೇಳಿದಳು ಈ ಕೋಣೆಯಲ್ಲಿ ಒಂದೂ ಸಪ್ಪಳ ಇರುವುದಿಲ್ಲವೆಂದು, ಪಾಪ, ಅವಳಿಗೇನು ಗೊತ್ತು, ನನ್ನ ತಲೆಯೊಳಗೆ ಕುಂಯ್ ಎಂದು ಒಂದೇ ಸಮ ಕೂಗುತ್ತಿರುವ ಈ ಹುಳುವನ್ನು ಹೊರಗೆ ಬಿಟ್ಟು ಬರಲು ಆಗುತ್ತದೆಯೇ, ಹಂಗಾಮು ಮುಗಿದು ತಿಂಗಳಾಯಿತು, ಮಿಲ್ಲು ನಿಂತಿದೆ, ಚಿಮಣಿಯಲ್ಲಿ ಹೊಗೆಯಿಲ್ಲ, ನನ್ನೊಳಗೆ ಮಾತ್ರ ರಜೆಯಿಲ್ಲದೆ ಪಾಳಿ ನಡೆದಿದೆ. ಮೊದಲು ಹೋದದ್ದು ಸಣ್ಣ ಸಪ್ಪಳಗಳು, ಹೋದದ್ದೇ ತಿಳಿಯಲಿಲ್ಲ, ಗುಬ್ಬಿ ಹೋಯಿತು, ಕುಕ್ಕರಿನ ಸೀಟಿ ಹೋಯಿತು, ಒಮ್ಮೆ ಘತ್ತರಗಿಯಲ್ಲಿ ಭಾಗ್ಯವಂತಿಯ ಗುಡಿಯಲ್ಲಿ ಪೂಜಾರಿಯ ಕೈಯ ಗಂಟೆ ಅಲ್ಲಾಡುತ್ತಿತ್ತು, ಗಂಟೆಯ ನಾಲಿಗೆ ಬಿದ್ದುಹೋಗಿದೆ ಅಂದುಕೊಂಡೆ, ಸುತ್ತ ನಿಂತವರೆಲ್ಲ ಕಣ್ಣು ಮುಚ್ಚಿ ಕೈ ಮುಗಿದಿದ್ದರು, ಆಗ ಹೆದರಿದೆ. ಆಮೇಲೆ ಹೆಂಡತಿ ಮಹಾನಂದಾಳ ದನಿ ಹೋಯಿತು, ಮದುವೆಯಾಗಿ ಬಂದಾಗಿನಿಂದ ತಗ್ಗಿಸಿ ಮಾತಾಡುವವಳು, ಅಡಿಗೆಮನೆಯಿಂದಲೇ ದಿನದ ಸುದ್ದಿಯೆಲ್ಲ ಹೇಳುವವಳು, ನಾನು ಹೂಂ ಅನ್ನುತ್ತಿದ್ದೆ, ಎಲ್ಲದಕ್ಕೂ ಹೂಂ, ಒಂದು ದಿನ ಎದುರಿಗೆ ಬಂದು ನಿಂತಳು, ನಮ್ಮವ್ವಗ ಮೈಯಾಗ ಆರಾಮಿಲ್ಲ ಅಂತ ಹೇಳಾಕತ್ತೇನಿ, ನೀವು ಹೂಂ ಅಂತ ನಗಾಕತ್ತೀರಿ, ನಿಮಗ ಹೇಳೋದೂ ಒಂದ, ಗ್ವಾಡಿಗೆ ಹೇಳೋದೂ ಒಂದ. ಆಗಲೂ ನಿಜ ಹೇಳಲಿಲ್ಲ, ಕೆಲಸದ ದಣಿವು ಅಂದೆ. ಈಗ ಅವಳು ಎಮ್ಮೆಯ ಜೊತೆ ಮಾತಾಡುತ್ತಾಳೆ, ದೂರದಿಂದ ತುಟಿ ಆಡುವುದು ಕಾಣುತ್ತದೆ, ಎಮ್ಮೆ ಕಿವಿ ಅಲುಗಿಸುತ್ತದೆ, ನನಗೆ ಎಮ್ಮೆಯ ಮೇಲೆ ಹೊಟ್ಟೆಕಿಚ್ಚು.

ಅಲುಗಿತು, ಒತ್ತಿದೆ. ಎಷ್ಟನೆಯದು ಇದು, ಏಳೋ ಎಂಟೋ. ಹಳದಿ ಸ್ಪಂಜಿನ ಬೆಣೆ ಕೊಟ್ಟಿದ್ದರು, ಕಿವಿಗೆ ಹಾಕಿಕೊಳ್ಳಲು, ದಾರಕ್ಕೆ ಪೋಣಿಸಿದ ಜೋಡಿ, ಪ್ರತಿ ಹಂಗಾಮಿಗೆ ಹೊಸದು, ಸೇಫ್ಟಿ ಸಾಹೇಬರು ಅದನ್ನು ಕೊಡುವಾಗ ನಾನೇ ಮುಂದೆ ನಿಂತು ಚೇಷ್ಟೆ ಮಾಡಿದ್ದೆ, ಇದನ್ನ ತುರುಕ್ಕೊಂಡ್ರ ಬೇರಿಂಗ್ ಅಳೋದು ಯಾರ್ ಕೇಳಬೇಕ್ರಿ ಸಾಹೇಬ್ರ. ಎಲ್ಲರೂ ನಕ್ಕರು. ಸುಳ್ಳಲ್ಲ, ಒಂದು ಕಾಲದಲ್ಲಿ ಬೇರಿಂಗಿಗೆ ಕಬ್ಬಿಣದ ಸಲಾಕೆ ಹಚ್ಚಿ ತುದಿಗೆ ಕಿವಿ ಕೊಟ್ಟರೆ ನಾಳೆ ಕೆಡುವುದನ್ನು ಇವತ್ತೇ ಹೇಳುತ್ತಿದ್ದೆ, ಪಾಳಿಯ ಸಾಹೇಬರು ರಜೆಯ ದಿನ ಜೀಪು ಕಳಿಸಿ ಕರೆಸುತ್ತಿದ್ದರು, ಆ ಕಿವಿ ಹೋದಾಗ ಯಾರಿಗೂ ಹೇಳದೆ ಅಂಗೈಗೆ ಆ ಕೆಲಸ ಕಲಿಸಿದೆ. ಮಿಲ್ಲಿನಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ, ಅದಕ್ಕೇ ನಮ್ಮಲ್ಲೊಂದು ರೂಢಿ, ರೇಲಿಂಗಿನ ಪೈಪಿಗೆ ನಟ್ಟು ಬಿಚ್ಚುವ ಪಾನಾದಿಂದ ಬಡಿಯುವುದು, ಒಂದು ಪೆಟ್ಟು ಅಂದರೆ ಇತ್ತ ನೋಡು, ಎರಡು ಅಂದರೆ ನಿಧಾನ ಮಾಡು, ಮೂರು ಅಂದರೆ ನಿಲ್ಲಿಸು. ನನ್ನ ಎಡ ಅಂಗೈ ಯಾವಾಗಲೂ ಆ ಪೈಪಿನ ಮೇಲೆ, ಬಲಗೈ ಮಿಲ್ಲು ನಿಲ್ಲಿಸುವ ಕೆಂಪು ಗುಂಡಿಯ ಹತ್ತಿರ, ಪೆಟ್ಟು ಬಿದ್ದರೆ ಅಂಗೈಯಲ್ಲಿ ಜುಂ ಎನ್ನುತ್ತಿತ್ತು, ಉಳಿದವರು ಕಿವಿಯಿಂದ ಕೇಳುವುದಕ್ಕಿಂತ ಮೊದಲೇ ನಾನು ಗುಂಡಿ ಒತ್ತುತ್ತಿದ್ದೆ. ಸೈದಪ್ಪ ನನ್ನ ಬಗ್ಗೆ ಹೇಳುತ್ತಿದ್ದ, ಕಾಕಾಂದು ಹಾವಿನ ಕಿವಿ ರಿ. ಸೈದಪ್ಪ ಜೇವರ್ಗಿಯವನು, ಕಬ್ಬು ಒಯ್ಯುವ ಸರಪಳಿಯ ಹತ್ತಿರ ಅವನ ಕೆಲಸ, ಹನ್ನೆರಡು ಹಂಗಾಮು ಅವನು ಅಲ್ಲಿ, ನಾನು ಇಲ್ಲಿ, ನಡುವೆ ಆ ಪೈಪು.

ಅಲುಗಿತು. ಒತ್ತಿದೆ — ತಡವಾಯಿತೇನೋ. ಈ ಸಲದ ಸಂಕ್ರಾಂತಿ ಮುಗಿದ ವಾರ, ಮುಂಜಾನೆ ಹತ್ತು ಗಂಟೆ, ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು, ಬಾಯಿ ಚಪ್ಪೆಯಾಗಿತ್ತು, ಚೀಲದಿಂದ ತಂಬಾಕು ತೆಗೆದೆ, ಸುಣ್ಣ ತೆಗೆದೆ, ತಂಬಾಕು ತಿಕ್ಕಲು ಎರಡು ಕೈ ಬೇಕು, ಎಡ ಅಂಗೈಯನ್ನು ಪೈಪಿನಿಂದ ಎತ್ತಿದೆ, ಎಷ್ಟು ಹೊತ್ತು, ಹೆಬ್ಬೆರಳು ಹತ್ತು ಸಲ ತಿಕ್ಕುವಷ್ಟು ಹೊತ್ತು, ಧೂಳು ಊದಿ ತಲೆಯೆತ್ತಿದೆ, ಸೈದಪ್ಪ ಕಾಣಿಸಿದ, ಬಲಗೈಯಲ್ಲಿ ಪಾನಾ, ಪಾನಾ ಮೇಲೆದ್ದಿತು, ಪೈಪಿನ ಮೇಲೆ ಬಿತ್ತು, ಮೇಲೆದ್ದಿತು, ಬಿತ್ತು, ಸಪ್ಪಳವಿಲ್ಲ. ಇವನೇಕೆ ಸುಳ್ಳೇ ಬಡಿಯುತ್ತಿದ್ದಾನೆ, ನನ್ನ ಚೇಷ್ಟೆ ಮಾಡುತ್ತಿದ್ದಾನೆಯೇ — ಹೀಗೆ ಅಂದುಕೊಂಡೆ, ದೇವರಾಣೆ, ಹೀಗೇ ಅಂದುಕೊಂಡೆ, ಒಂದು ಗಳಿಗೆ ನೋಡುತ್ತಲೇ ನಿಂತೆ, ಆಮೇಲೆ ಅವನ ಅಂಗಿಯ ಎಡತೋಳು ಸರಪಳಿಯೊಳಗೆ ಸಿಕ್ಕಿದ್ದು ಕಂಡಿತು, ಗುಂಡಿಗೆ ಹಾರಿದೆ, ತಂಬಾಕು ಚೆಲ್ಲಿತು. ಎರಡು ಬೆರಳು ಹೋದವು. ಆ ಗಳಿಗೆ ನಿಲ್ಲದಿದ್ದರೆ ಅಂಗಿಯಷ್ಟೇ ಹರಿಯುತ್ತಿತ್ತು. ವಿಚಾರಣೆಗೆ ಬಂದವರು ಕೇಳಿದರು, ನಾನು ಬಾಯಿ ತೆರೆಯುವ ಮೊದಲೇ ಸೈದಪ್ಪನೇ ಹೇಳಿದ, ಕಾಕಾಂದೇನು ತಪ್ಪಿಲ್ಲರಿ, ನಾನ ಮೆತ್ತಗ ಬಡದಿರಬೇಕು, ಕೈಯಾಗ ಶಕ್ತಿ ಇದ್ದಿದ್ದಿಲ್ಲ, ಅವರ ಕಿವಿ ಎಷ್ಟ ಚುರುಕ ಅಂತ ಇಡೀ ಕಾರ್ಖಾನಿಗೇ ಗೊತ್ತದ. ಬರೆದುಕೊಂಡರು. ನಾನು ಹೌದೆಂದು ತಲೆ ಅಲ್ಲಾಡಿಸಿದೆ. ಅಂದಿನಿಂದ ತಂಬಾಕು ಬಿಟ್ಟಿದ್ದೇನೆ, ಮಹಾನಂದಾ ಮನೆದೇವರಿಗೆ ಕಾಯಿ ಒಡೆಸಿದಳು, ಏಕೆ ಬಿಟ್ಟಿರಿ ಅಂತ ಕೇಳಲಿಲ್ಲ, ಕೇಳಿದ್ದರೂ ನನಗೆ ಕೇಳಿಸಿರಲಿಕ್ಕಿಲ್ಲ.

ಈಗ ಸೈದಪ್ಪ ಹೊರಗೆ ಬೇವಿನ ಕೆಳಗಿನ ಬೆಂಚಿನ ಮೇಲಿದ್ದಾನೆ, ನನ್ನ ನಂತರ ಅವನ ಪಾಳಿ, ಮೂರು ಬೆರಳಿನ ಕೈಯಲ್ಲಿ ಚಹದ ಕಪ್ಪು ಹಿಡಿಯುವುದನ್ನು ಕಲಿತಿದ್ದಾನೆ, ನನಗೂ ಒಂದು ಕಪ್ಪು ತಂದುಕೊಟ್ಟ. ಕಿವಿಯ ಹತ್ತಿರ ಬಾಗಿ ಹೇಳಿದ, ಬೇರೆಯವರ ಹಾಗೆ ಕೂಗುವುದಿಲ್ಲ ಅವನು, ನನ್ನ ಕಿವಿಯ ಮೇಲೆ ಅಷ್ಟು ನಂಬಿಕೆ, ಅರ್ಧ ಕೇಳಿಸಿತು, ಉಳಿದರ್ಧ ಓರೆಗಣ್ಣಿನಿಂದ ತುಟಿ ನೋಡಿ ತಿಳಿದುಕೊಂಡೆ, ಕಾಕಾ, ಸಾಹೇಬ್ರಿಗೆ ಹೇಳೇನಿ, ಬರೋ ಹಂಗಾಮಕ್ಕ ನಾ ಮತ್ತ ಸರಪಳಿ ಹಂತೇಕನ ನಿಲ್ತೇನಿ, ಗುಂಡಿ ಮುಂದ ನೀವ ಇರಬೇಕು, ಬ್ಯಾರೆ ಯಾರರ ನಿಂತ್ರ ನನಗ ಧೈರ್ಯ ಸಾಲಂಗಿಲ್ಲ. ಹೂಂ ಅಂದೆ. ಎಲ್ಲದಕ್ಕೂ ಹೂಂ. ನಾರ್ಮಲ್ ಎಂದು ಕಾಗದ ಬಂದರೆ ನಾನು ಅಲ್ಲಿ ನಿಲ್ಲುತ್ತೇನೆ, ಅವನು ಸರಪಳಿಯ ಹತ್ತಿರ ನಿಲ್ಲುತ್ತಾನೆ, ಎಂಟು ಬೆರಳು ಇಟ್ಟುಕೊಂಡು. ಇಲ್ಲವಾದರೆ ಗೋದಾಮಿನ ಬಾಗಿಲು, ಚಪ್ಪಾಳೆ, ಮತ್ತು ಒಂದು ದಿನ ಸೈದಪ್ಪ ಬಂದು ಕೇಳುತ್ತಾನೆ, ಹಂಗಾದ್ರ ಅವತ್ತು ಕಾಕಾ — ಅವನು ಮಾತು ಮುಗಿಸುವುದಿಲ್ಲ, ನನಗೆ ಅದೊಂದು ಮಾತು ಮಾತ್ರ ಕೇಳಿಸುತ್ತದೆ, ಗುಬ್ಬಿಯ ದನಿಯಷ್ಟು ಸಣ್ಣಗೆ ಹೇಳಿದರೂ ಕೇಳಿಸುತ್ತದೆ. ದುಪಟ್ಟಾ ಅಲುಗಿತು. ಹೆಬ್ಬೆರಳು ಗುಂಡಿಯ ಮೇಲಿದೆ, ಒತ್ತಲಿಲ್ಲ. ಮತ್ತೆ ಅಲುಗಿತು, ಈ ಸಲ ಜೋರಾಗಿ, ಅವಳು ಯಂತ್ರದ ದನಿ ಏರಿಸುತ್ತಿದ್ದಾಳೆ, ತಿರುಗಿ ನನ್ನನ್ನು ನೋಡುತ್ತಿದ್ದಾಳೆ, ಹುಬ್ಬೇರಿಸಿದ್ದಾಳೆ. ಕಣ್ಣು ಮುಚ್ಚಿದೆ. ದುಪಟ್ಟಾ ಇಲ್ಲ, ಮೇಡಂ ಇಲ್ಲ, ಹುಳು ಕೂಗುತ್ತಿದೆ, ಎಡ ಅಂಗೈ ಸ್ಪಂಜಿನ ಗೋಡೆಯ ಮೇಲಿದೆ, ಯಾವಾಗ ಇಟ್ಟೆನೋ, ಮೆತ್ತಗಿದೆ, ಏನೂ ಹೇಳುವುದಿಲ್ಲ, ಮುಚ್ಚಿದ ಕಣ್ಣೊಳಗೆ ಮಿಲ್ಲಿನ ಆ ಬಿಸಿಲು ಓರೆಯಾಗಿ ಬೀಳುತ್ತಿದೆ, ಪಾನಾ ಮೇಲೇಳುತ್ತದೆ, ಬೀಳುತ್ತದೆ, ಮೇಲೇಳುತ್ತದೆ, ಬೀಳುತ್ತದೆ, ಮೇಲೇಳುತ್ತದೆ