ಹಸಿರು ಕೊಡ

ಐಸ್ ಪೆಟ್ಟಿಗೆಗೆ ಒಂದೂವರೆ ಸಾವಿರ, ವ್ಯಾನಿಗೆ ಎಂಟು ನೂರು, ಕೋಯಂಬೇಡು ಮಾರುಕಟ್ಟೆಯ ಹೂವಿಗೆ ಆರು ನೂರು. ಅಡ್ಯಾರಿನ ಫ್ಲ್ಯಾಟಿನ ಬಾಗಿಲಲ್ಲಿ ನಿಂತು ಗಿರಿಧರ್ ಸೆಲ್‌ಫೋನಿನಲ್ಲಿ ಚೌಕಾಸಿ ಮಾಡುತ್ತಲೇ ಬಂದವರಿಗೆ ಕೈ ಮುಗಿಯುತ್ತಿದ್ದ.

"ಅಪ್ಪ ಕೊನೇ ಎರಡು ವರ್ಷ ರಾಜನ ಹಾಗಿದ್ರು ಸಾರ್. ಹೊತ್ತು ಹೊತ್ತಿಗೂ ನೀರು, ಲಿಫ್ಟು. ಒಂದು ದಿನಾನೂ ಯಾರ ಮೇಲೂ ರೇಗಿದ್ದಿಲ್ಲ."

ತೀರಿಕೊಂಡ ಗಂಡನ ತಲೆಯ ಬಳಿ ಕೂತಿದ್ದ ಅಂಬುಜಾ ಮಗನನ್ನು ದುರುಗುಟ್ಟಿ ನೋಡಿದರು. ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದವರನ್ನು ರಾಜ ಅನ್ನುತ್ತಾನೆ, ಪೆದ್ದ.

"ಪುಣ್ಯವಂತರು ಮಾಮಿ. ಯಾವ ಕೊರತೇನೂ ಇರಲಿಲ್ಲ" ಎಂದಳು ಪಕ್ಕದ ಫ್ಲ್ಯಾಟಿನ ಸುಮತಿ.

"ಹೌದಮ್ಮ. ಕೊರತೆ ಇರಲಿಲ್ಲ. ಅದೇ ಕೊರತೆಯಾಗಿದ್ದು" ಎಂದರು ಅಂಬುಜಾ.

\*

ಪುರಸೈವಾಕ್ಕಂನ ಹಳೇ ಮನೆಯಲ್ಲಿದ್ದಾಗ ನೀರಿನ ಲಾರಿ ಬರುವ ಮುಂಚೆಯೇ ಗಂಡ ಶಂಕರನಾರಾಯಣರ ಹಸಿರು ಪ್ಲಾಸ್ಟಿಕ್ ಕೊಡ ಸಾಲಿನ ತಲೆಯಲ್ಲಿ ಕೂತಿರುತ್ತಿತ್ತು. ಎದುರುಮನೆಯ ರೈಲ್ವೆ ಭೋಜರಾಜ ಅದನ್ನು ಕಾಲಿನಿಂದ ಹಿಂದಕ್ಕೆ ಸರಿಸುತ್ತಿದ್ದ.

"ನಿನ್ನ ವಂಶಕ್ಕೇ ಸಾಲಲ್ಲಿ ನಿಲ್ಲೋದು ಗೊತ್ತಿಲ್ಲ ಕಣಯ್ಯ!" ಬ್ಯಾಂಕಿನಿಂದ ನಿವೃತ್ತರಾಗಿದ್ದ ಶಂಕರನಾರಾಯಣರು ಕೂಗುತ್ತಿದ್ದರು.

"ಬ್ಯಾಂಕಲ್ಲಿ ಜನರನ್ನ ನಿಲ್ಲಿಸಿ ಸಾಯಿಸಿದ್ದು ಸಾಲದಾ ಸ್ವಾಮಿ?" ಎನ್ನುತ್ತಿದ್ದ ಅವನು.

ದರಿದ್ರ ಊರು, ದರಿದ್ರ ನೀರು ಎಂದು ಗೊಣಗುತ್ತ ಒಳಗೆ ಬಂದವರು ಇನ್ನೊಂದು ದೋಸೆ ಹಾಕು ಅನ್ನುತ್ತಿದ್ದರು. ಆ ಗೊಣಗಾಟ ಕೇಳಿ ಕೇಳಿ ಅಂಬುಜಾಗೆ ಸಾಕಾಗಿತ್ತು. ಮಗ ಅಡ್ಯಾರಿಗೆ ಬನ್ನಿ ಅಂದಾಗ ಗಂಡನನ್ನು ಕೇಳದೆ ಹೂಂ ಅಂದವರು ಅವರೇ. ಸಾಮಾನು ಕಟ್ಟುವ ದಿನ ಹಸಿರು ಕೊಡ ಸಿಗಲಿಲ್ಲ.

ಇಲ್ಲಿ ನಲ್ಲಿ ತಿರುಗಿಸಿದರೆ ನೀರು. ಯಾರು ಕೇಳಿದರೂ ಶಂಕರನಾರಾಯಣರು "ಸುಖವಾಗಿದ್ದೀನಿ" ಅನ್ನುತ್ತಿದ್ದರು. ಒಂದು ದೋಸೆಗೇ ಕೈ ತೊಳೆಯುತ್ತಿದ್ದರು.

\*

"ಅಪ್ಪನ ಸ್ನಾನಕ್ಕೆ ನೀರು ತುಂಬಿಟ್ಟಿದೀನಮ್ಮ" ಎಂದ ಗಿರಿಧರ್. ಬಚ್ಚಲ ಮುಂದೆ ಸ್ಟೀಲ್ ಬಿಂದಿಗೆಗಳು ಸಾಲಾಗಿದ್ದವು.

ಅಷ್ಟರಲ್ಲಿ ಲಿಫ್ಟಿನಿಂದ ಏದುಸಿರು ಬಿಡುತ್ತ ಭೋಜರಾಜ ಬಂದ. ಕಂಕುಳಲ್ಲಿ ಹಸಿರು ಕೊಡ.

"ಎಲ್ಲಿ ಆ ಮುದುಕ?"

"ಮೆಲ್ಲಗೆ ಅಂಕಲ್" ಎಂದ ಗಿರಿಧರ್.

"ಸುಮ್ನಿರಯ್ಯ. ಅಂಬುಜಮ್ಮ, ಇದನ್ನ ನಾನೇ ಬಚ್ಚಿಟ್ಟಿದ್ದೆ. ಕೇಳೋಕೆ ಬರ್ತಾರೆ, ಒಂದು ಜಗಳ ಆಗುತ್ತೆ ಅಂತ. ಎರಡು ವರ್ಷ ಕಾದೆ. ಬರಲೇ ಇಲ್ಲ, ಹೇಡಿ."

"ಬರೋಕೆ ಹೊರಟಿದ್ರು, ಭೋಜರಾಜ. ಚಪ್ಪಲೀನೂ ಮೆಟ್ಟಿದ್ರು. ಒಂದು ಪ್ಲಾಸ್ಟಿಕ್ ಕೊಡಕ್ಕೆ ಅಷ್ಟು ದೂರ ಹೋಗಿ ಮಾನ ಕಳೀತೀರಾ ಅಂತ ನಾನೇ ಬೈದು ಕೂರಿಸಿದೆ. ಆಮೇಲೆ ಅವರು ಆ ಚಪ್ಪಲಿ ಮೆಟ್ಟಲೇ ಇಲ್ಲ."

ಭೋಜರಾಜ ಕೊಡವನ್ನು ಅವರ ಮುಂದೆ ಚಾಚಿದ.

ಅಂಬುಜಾ ಎದ್ದು ಕೊಡ ತುಂಬಿಸಿಕೊಂಡು ಬಂದರು. ಸಾಲಿನ ಮೊದಲ ಬಿಂದಿಗೆಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿದರು. ಆ ಜಾಗದಲ್ಲಿ ಹಸಿರು ಕೊಡ ಇಟ್ಟು ನಿಂತರು.

ಯಾರೂ ಜಗಳಕ್ಕೆ ಬರಲಿಲ್ಲ.