ಗಂಡಸಾದ ಹುಡುಗನಿಗೊಂದು ಬಿಯರ್

ಚಳ್ಳಕೆರೆ ಬಸ್ ನಿಲ್ದಾಣದ ಹಿಂದಿನ ಬಾರಿನಲ್ಲಿ ಸಪ್ಲೈಯರ್ ಆಗಿದ್ದ ಮಹಾಂತೇಶನಿಗೆ ಕುಡುಕರ ಮೇಲೆ ಸಿಟ್ಟಿರಲಿಲ್ಲ. ವಾಂತಿ ಮಾಡಿದರೆ ಒರೆಸಬಹುದು. ಅವನ ಮೈ ಉರಿಯುತ್ತಿದ್ದುದು ಕುಡಿಯುವುದಕ್ಕೆ ಕಾರಣ ಹೇಳುವವರನ್ನು ಕಂಡರೆ. ಅಂಥವರಲ್ಲಿ ಮೊಳಕಾಲ್ಮೂರಿನ ನೇಕಾರ ರಾಮಾಂಜನೇಯ ಮೊದಲಿಗ. ಅಂಗಡಿಗೆ ಸೀರೆ ಕೊಡಲು ಬಂದಾಗಲೆಲ್ಲ ಬಾರಿಗೆ ಕಾಲಿಡುತ್ತಿದ್ದ. ಒಂದು ದಿನ ಸೊಂಟನೋವು, ಇನ್ನೊಂದು ದಿನ ಮನಸ್ಸಿಗೆ ಬೇಜಾರು.

ಆ ಮಧ್ಯಾಹ್ನ ಮಗ ದೇವೇಂದ್ರನನ್ನೂ ಕರೆತಂದಿದ್ದ. ಹುಡುಗನಿಗೆ ಹದಿನಾರು ತುಂಬಿತ್ತೋ ಇಲ್ಲವೋ, ಮೀಸೆ ಇನ್ನೂ ಬರುವ ಯೋಚನೆಯಲ್ಲಿತ್ತು.

"ಎರಡು ಬಿಯರ್ ತಾರಲೇ. ನಮ್ಮ ಹುಡುಗ ಮೊನ್ನೆ ಒಬ್ಬನೇ ಕೂತು ಪೂರ್ತಿ ನೇಯ್ದು ಮಗ್ಗದಿಂದ ಸೀರೆ ಇಳಿಸ್ದ. ಮೊದಲ್ನೇ ಸೀರೆ ಇಳಿಸಿದೋನು ಗಂಡ್ಸಾದ ಅಂತ್ಲೇ ನಮ್ಮನೇಲಿ ಲೆಕ್ಕ. ನಮ್ಮಪ್ಪ ನಂಗೆ ಕುಡಿಸಿದ್ದೂ ಅವತ್ತೇ."

ಹಾಗೆ ಕುಡಿಸಿದ್ದರಿಂದ ಏನಾಯಿತೆಂಬುದು ಎದುರಿಗೇ ಕೂತಿತ್ತಲ್ಲ. ಮಹಾಂತೇಶ ಒಂದೇ ಬಾಟಲಿ ತಂದಿಟ್ಟ.

"ಇದು ನಿಮಗೆ ರೀ. ಹುಡುಗಂಗೆ ಸೋಡಾ ತರ್ತೀನಿ."

ಬಾರಿನ ಮಾಲೀಕ ಶಿವಣ್ಣನಿಗೆ ಇದು ಕೇಳಿಸಿತು. ವಯಸ್ಸು ತುಂಬದವರಿಗೆ ಮದ್ಯ ಕೊಡುವುದಿಲ್ಲ ಎಂಬ ಬೋರ್ಡಿನ ಕೆಳಗೇ ಅವನ ಕುರ್ಚಿ. ಬೋರ್ಡು ಅಬಕಾರಿಯವರಿಗೆ, ಬಾಟಲಿ ಗಿರಾಕಿಗೆ ಎಂದು ಪುಣ್ಯಾತ್ಮ ಎಂದೋ ಭಾಗ ಮಾಡಿಟ್ಟಿದ್ದ.

"ಲೇ, ಹೆತ್ತಪ್ಪನೇ ಪಕ್ಕದಾಗೆ ಕೂತವ್ನೆ. ನಿಂದೇನಲೇ ಮಧ್ಯೆ? ಕೊಡು. ಇಲ್ಲಾಂದ್ರೆ ನಾಳೆಯಿಂದ ಬರಬ್ಯಾಡ."

ಮಹಾಂತೇಶನಿಗೆ ಹೆದರಿಕೆಯಾಯಿತು. ಈ ಕೆಲಸ ಹೋದರೆ ಮನೆಯಲ್ಲಿ ಒಲೆ ಹತ್ತುವುದು ಕಷ್ಟ. ಎರಡನೇ ಬಾಟಲಿ ತಂದ. ಆದರೆ ಮುಚ್ಚಳ ತೆಗೆಯಲು ಕೈ ಬರಲಿಲ್ಲ.

"ಏನ್ ಓದ್ತಿದೀಯಪ್ಪ?" ಎಂದು ಹುಡುಗನನ್ನು ಕೇಳಿದ.

"ಹತ್ತು ಪಾಸಾಗೈತೆ ಅಣ್ಣ. ಇಲ್ಲೇ ಐಟಿಐ ಸೇರ್ಬೇಕು ಅಂತ..."

ರಾಮಾಂಜನೇಯ ನಡುವೆಯೇ ಬಾಯಿ ಹಾಕಿದ. "ಅವನನ್ನೇನು ಕೇಳ್ತೀಯಾ? ಚಿಕ್ಕ ಹುಡುಗ, ಅವನಿಗೇನು ತಿಳೀತದೆ. ಮಗ್ಗದ ಮೇಲೆ ಕೂರು ಅಂದೀನಿ, ಕೂರ್ತಾನೆ."

ಪಕ್ಕದ ಟೇಬಲ್ಲಿನವರು ಕಿಸಕ್ಕನೆ ನಕ್ಕರು. ರಾಮಾಂಜನೇಯನಿಗೆ ಮಾತ್ರ ತಾನು ಏನು ಹೇಳಿದೆನೆಂಬುದು ಹೊಳೆಯಲಿಲ್ಲ. ಮಹಾಂತೇಶ ಬಾಟಲಿಯನ್ನು ವಾಪಸ್ ಎತ್ತಿಕೊಂಡ.

"ಚಿಕ್ಕ ಹುಡುಗ ಅಂತ ಅವರಪ್ಪನೇ ಹೇಳ್ತಾವ್ರೆ, ಶಿವಣ್ಣಾರೆ. ನಾನ್ ಕೊಡಲ್ಲ."

"ಹಂಗಾದ್ರೆ ಹೊರಡು."

ಮಹಾಂತೇಶ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು, ಹೆಗಲ ಮೇಲಿನ ಟವೆಲನ್ನು ಕೌಂಟರಿನ ಮೇಲೆ ಹಾಕಿದ. ಅಷ್ಟರಲ್ಲಿ ರಾಮಾಂಜನೇಯ ತನ್ನ ಬಿಯರನ್ನೇ ಲೋಟಕ್ಕೆ ಬಗ್ಗಿಸಿ ಮಗನ ಮುಂದೆ ತಳ್ಳಿದ್ದ.

"ಕುಡಿಯೋ. ಯಾವನು ಬೇಡ ಅಂತಾನೋ ನೋಡ್ತೀನಿ."

ಹುಡುಗ ಲೋಟ ಮುಟ್ಟದೆ ಅಪ್ಪನ ಕಡೆ ತಿರುಗಿದ.

"ನಾಯ್ನಾ, ಕುಡಿಯೋಕೆ ದೊಡ್ಡೋನು, ಓದೋಕೆ ಚಿಕ್ಕೋನಾ ನಾನು?"

ರಾಮಾಂಜನೇಯ ಲೋಟ ಎತ್ತಿ ತಾನೇ ಕುಡಿದ. ಅದನ್ನು ಕೆಳಗಿಡುವ ಹೊತ್ತಿಗೆ ಮಗನ ಕುರ್ಚಿ ಖಾಲಿಯಾಗಿತ್ತು.